ಗುರುಸಿದ್ಧವ್ವನ ಹಸಿರು ಫೈಲು

ನಾನು ಒಂದು ಹಸಿರು ಫೈಲು. ಎರಡು ಪ್ಲಾಸ್ಟಿಕ್ ಹೊದಿಕೆ, ಒಳಗೆ ಮೂರು ಜೇಬು, ಬಾಯಿ ಕಟ್ಟಲು ಒಂದು ರಬ್ಬರ್ ದಾರ. ಇಷ್ಟೇ ನನ್ನ ಮೈ. ಹುಟ್ಟಿದ್ದು ಬೆಂಗಳೂರಿನ ಪೀಣ್ಯದ ಒಂದು ತಗಡಿನ ಶೆಡ್ಡಿನಲ್ಲಿ. ಕಾದ ಅಚ್ಚು ಮೇಲಿನಿಂದ ಇಳಿದು ನನ್ನ ಅಂಚುಗಳನ್ನು ಬೆಸೆದು ಎದ್ದಾಗ, ಬರಿಯ ಹಾಳೆಯಾಗಿದ್ದ ನನಗೆ ಹೊಟ್ಟೆ ಬಂತು. ಹೊಟ್ಟೆ ಬಂದಮೇಲೆ ಹಸಿವು ಬರಲೇಬೇಕಲ್ಲ. ಯಾರ ಕಾಗದ ನನ್ನ ಪಾಲಿಗಿದೆಯೋ ಎಂದು ಕಾಯುತ್ತ, ನನ್ನಂಥವೇ ಇನ್ನೂರು ಫೈಲುಗಳ ನಡುವೆ ಒತ್ತಿಕೊಂಡು ಹುಬ್ಬಳ್ಳಿಗೆ ಬಂದೆ.

ಅಂಗಡಿಯಲ್ಲಿ ನನ್ನನ್ನು ಕೊಂಡವಳು ನೀಲಾಂಬಿಕಾ. ಆಗಿನ್ನೂ ಇಪ್ಪತ್ತೆರಡರ ಹುಡುಗಿ. ಮಾರ್ಕ್ಸ್ ಕಾರ್ಡುಗಳನ್ನು ನನ್ನೊಳಗಿಟ್ಟು, ಎದೆಗೆ ಅವಚಿಕೊಂಡು, ಗೋಕುಲ ರಸ್ತೆಯ ಒಂದು ವಾಲ್ವ್ ಕಾರ್ಖಾನೆಯ ಬಾಗಿಲಲ್ಲಿ ನಿಂತಳು. ಅವಳ ಎದೆ ಹೊಡೆದುಕೊಳ್ಳುವುದು ನನಗೂ ಕೇಳುತ್ತಿತ್ತು. ಕೆಲಸ ಸಿಕ್ಕಿತು. ನೀರಿನ ಪೈಪುಗಳಿಗೆ ಹಾಕುವ ವಾಲ್ವಿನೊಳಗೆ ಗಾಳಿ ತುಂಬಿ ತೊಟ್ಟಿಯಲ್ಲಿ ಮುಳುಗಿಸಬೇಕು. ಗುಳ್ಳೆ ಎದ್ದರೆ ಅದು ಸೋರುತ್ತದೆ ಎಂದರ್ಥ. ಕೆಂಪು ಬಣ್ಣ ಬಳಿದು ಪಕ್ಕಕ್ಕಿಡಬೇಕು. ನೀಲಾ ಬಳಿದ ಕೆಂಪನ್ನು ಅಳಿಸುವ ಧೈರ್ಯ ಆ ಕಾರ್ಖಾನೆಯಲ್ಲಿ ಯಾರಿಗೂ ಇರಲಿಲ್ಲವಂತೆ.

ಮುಂದೆ ಟೇಲರ್ ಮಹಾಂತೇಶನೊಡನೆ ಅವಳ ಮದುವೆಯಾಯಿತು. ನಾನು ಕಪಾಟಿನ ತಳದಲ್ಲಿ ಕರೆಂಟ್ ಬಿಲ್ಲು ತಿಂದುಕೊಂಡು ಕೆಲವು ವರ್ಷ ಮಲಗಿದ್ದೆ. ಆಮೇಲೆ ನೀಲಾಳ ತಾಯಿ ಗುರುಸಿದ್ಧವ್ವ ಮಗಳ ಮನೆಗೆ ಬಂದಳು. ಒಂದು ಟ್ರಂಕು, ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಪುರಾಣದ ಪುಸ್ತಕ. ಬಂದ ದಿನವೇ ಅಂದಳು: "ಅಳಿಯನ ಮನ್ಯಾಗ ಕೂತು ಉಣ್ಣಾಕಿ ನಾ ಅಲ್ಲ. ಗುಂಡಿ ಕಾಜಾ ನನಗ ಕೊಡ್ರಿ." ಅಂದಿನಿಂದ ಮಹಾಂತೇಶನ ಅಂಗಡಿಯ ಜಂಪರುಗಳಿಗೆಲ್ಲ ಅವಳದೇ ಗುಂಡಿ.

ಎರಡನೆಯ ವರ್ಷ ಮೆಟ್ಟಿಲು ಹತ್ತುವಾಗ ಅವಳಿಗೆ ದಮ್ಮು ಬಂತು. ಆಸ್ಪತ್ರೆಯಲ್ಲಿ ಎದೆಯ ಚಿತ್ರ ತೆಗೆದ ಡಾಕ್ಟರು, "ಹೃದಯದ ಒಂದು ವಾಲ್ವು ಸೋರ್ತಾ ಇದೆ" ಅಂದರು. ಬೇರೆ ಯಾರಿಗಾದರೂ ಬಿಡಿಸಿ ಹೇಳಬೇಕಾಗುತ್ತಿತ್ತು. ನೀಲಾ, "ಎಷ್ಟು ಸೋರ್ತೈತ್ರಿ?" ಎಂದಷ್ಟೇ ಕೇಳಿದಳು.

ಅಂದು ಕರೆಂಟ್ ಬಿಲ್ಲುಗಳನ್ನು ಕೊಡವಿ ನನ್ನೊಳಗೆ ಆ ವರದಿ ಇಟ್ಟರು. ಪ್ರತಿಯೊಂದು ಕಾಗದದ ಹಿಂದೆ ನೀಲಾ ಅವ್ವನಿಗೆ ತಿಳಿಯಲೆಂದು ಕನ್ನಡದಲ್ಲಿ ಬರೆದಳು. ನನ್ನ ಜಾಗವೂ ಬದಲಾಯಿತು: ದೇವರ ಜಗಲಿಯ ಕೆಳಗಿನ ಹಲಗೆ, ಪುರಾಣದ ಪುಸ್ತಕದ ಅಡಿಯಲ್ಲಿ. ದಿನಾ ಬೆಳಗಿನ ಜಾವ ಗುರುಸಿದ್ಧವ್ವ ದೀಪ ಹಚ್ಚಿ ರಾಗವಾಗಿ ಓದುತ್ತಿದ್ದಳು. ಅರ್ಥವೆಲ್ಲ ನನಗೆ ತಿಳಿಯುತ್ತಿತ್ತೆಂದು ಹೇಳಲಾರೆ. ಆದರೆ ಕೇಳಿ ಕೇಳಿ ನನ್ನ ಗಡುಸು ಮೈ ಮೆತ್ತಗಾಯಿತು.

ಏಪ್ರಿಲ್ ಬಂತೆಂದರೆ ಕಾರ್ಖಾನೆಯಿಂದ ಮನೆಮಂದಿಗೆಲ್ಲ ಆಸ್ಪತ್ರೆ ವಿಮೆಯ ಹೊಸ ಕಾರ್ಡು ಬರುತ್ತಿತ್ತು. ಗುರುಸಿದ್ಧವ್ವ ತನ್ನದನ್ನು ದೀಪದ ಮುಂದಿಟ್ಟು, ಭಸ್ಮ ಹಚ್ಚಿ, ಹಳೆಯವುಗಳ ಜೊತೆ ನನ್ನ ಹಿಂದಿನ ಜೇಬಿಗೆ ಸೇರಿಸುತ್ತಿದ್ದಳು.

"ಹಳೇವ್ಯಾಕ ಬೇಕವ್ವಾ, ಒಗಿ" ಅನ್ನುವಳು ನೀಲಾ.

"ದೀಪದ ಮುಂದ ಇಟ್ಟದ್ದು ಕಸದಾಗ ಒಗೀಬಾರದು, ಯವ್ವಾ."

ಹಾಗೆ ಐದು ಕಾರ್ಡು ಕೂಡಿದವು. ಐದೂ ವರ್ಷ ಆ ವಿಮೆಯಿಂದ ಅವಳು ಏನನ್ನೂ ಪಡೆದಿರಲಿಲ್ಲ. ಮಾತ್ರೆ, ತಪಾಸಣೆ ಎಲ್ಲ ಮನೆಯ ಖರ್ಚಿನಲ್ಲೇ ನಡೆದಿತ್ತು. ಆದರೆ ಆ ವರ್ಷ ಡಾಕ್ಟರು, "ಇನ್ನು ಬಹಳ ದಿನ ಮುಂದೂಡಲಿಕ್ಕಾಗೋದಿಲ್ಲ, ವಾಲ್ವು ಬದಲಾಯಿಸಬೇಕಾಗುತ್ತೆ" ಎಂದಿದ್ದರು. ಅಷ್ಟರಲ್ಲಿ, ಫೆಬ್ರವರಿಯಲ್ಲಿ, ನನ್ನೊಳಗೆ ಒಂದು ಸುತ್ತೋಲೆ ಬಂದು ಬಿತ್ತು. ಮಾರ್ಚ್ ಮೂವತ್ತೊಂದರ ನಂತರ ಕಾರ್ಖಾನೆಯ ವಿಮೆ ಗಂಡ, ಹೆಂಡತಿ, ಮಕ್ಕಳಿಗೆ ಮಾತ್ರ. ತಂದೆತಾಯಿಗಳನ್ನು ಬೇಕಾದವರು ಅದೇ ವಿಮಾ ಕಂಪನಿಯ ಖಾಸಗಿ ಪಾಲಿಸಿಗೆ ಸೇರಿಸಿಕೊಳ್ಳಬಹುದು.

ನನ್ನೊಳಗೆ ಎಷ್ಟೋ ಕಾಗದ ಬಂದಿವೆ. ಇಷ್ಟು ಭಾರದ್ದು ಬಂದಿರಲಿಲ್ಲ.

ಏಜೆಂಟ್ ಪ್ರಭು ಹಂಚಿನಮನಿ ಮನೆಗೆ ಬಂದ. ನನ್ನನ್ನು ಬಿಚ್ಚಿ ಮೇಲಿನ ವರದಿ ನೋಡಿದವನೇ ದಾರ ಹಾಕಿ ಮುಚ್ಚಿಬಿಟ್ಟ. "ಅಕ್ಕಾರ, ಈ ಫೈಲ್ ಜಗಲಿ ಮ್ಯಾಲೇ ಇರಲಿ. ಇದನ್ನ ಕಂಡ್ರ ಅವ್ರು ಬ್ಯಾಡ ಅಂತಾರ. ನಾ ಬರೇ ಅರ್ಜಿ ಕಳಸ್ತೀನಿ. ಅವರ ಡಾಕ್ಟರ್ ಅಮ್ಮಾರಿಗೆ ಒಂದು ಫೋನ್ ಮಾಡ್ತಾರ, ಆರಾಮ ಅದೀನಿ ಅಂದ್ರ ಮುಗೀತು."

ನೀಲಾ ನನ್ನನ್ನು ಮತ್ತೆ ಹಲಗೆಯ ಮೇಲಿಟ್ಟಳು.

ಮೂರನೆಯ ದಿನ ಮಧ್ಯಾಹ್ನ ಫೋನು ಬಂತು. ನೀಲಾ ಸ್ಪೀಕರ್ ಹಾಕಿ ಅವ್ವನ ಮುಂದೆ ಹಿಡಿದಳು. ಇನ್ನೊಂದು ಕೈಯಲ್ಲಿ ನಾನಿದ್ದೆ. ಒಂದು ವಿಷಯ ನೀವು ತಿಳಿದಿರಬೇಕು. ಗುರುಸಿದ್ಧವ್ವನ ಬಾಯಲ್ಲಿ ಕೇಡಿನ ಮಾತು ಹೊರಡುತ್ತಿರಲಿಲ್ಲ. ಅಕ್ಕಿ ತೀರಿದರೆ "ಅಕ್ಕಿ ಹೆಚ್ಚಾತು" ಅನ್ನುವಳು. ಆಡಿದ ಮಾತಿಗೆ ದೇವತೆಗಳು ಅಸ್ತು ಅಂದಾರೆಂಬ ಅಂಜಿಕೆ.

"ಅಮ್ಮಾ, ನಿಮಗೆ ಹೃದಯದ ತೊಂದರೆ ಏನಾದ್ರೂ ಇದೆಯಾ?" ಬೆಂಗಳೂರಿನ ಹೆಣ್ಣುದನಿ.

"ಶಿವನ ದಯಾ, ಆರಾಮ ಅದೀನ್ರಿ."

"ನಡೆದಾಗ ಉಸಿರು ಕಟ್ಟುತ್ತಾ?"

"ಎಲ್ಲಾ ಆರಾಮರಿ. ನೀವು ಆರಾಮ ಅದೀರಿಲ್ಲೊ? ಊಟಾ ಆತು?"

ದನಿ ನಕ್ಕಿತು. "ಆಯ್ತಮ್ಮ. ಥ್ಯಾಂಕ್ಸ್."

ನೀಲಾಳ ಹೆಬ್ಬೆರಳು ನನ್ನ ದಾರವನ್ನು ಎಳೆಯಿತು, ಬಿಟ್ಟಿತು, ಮತ್ತೆ ಎಳೆಯಿತು. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ನನ್ನ ಹೊಟ್ಟೆಯಲ್ಲಿ ಸತ್ಯ ತುಂಬಿತ್ತು, ನನ್ನ ಬಾಯಿಗೆ ಮಾತಿಲ್ಲ. ಮಾತಿದ್ದವಳು ಫೋನು ಕೆಳಗಿಟ್ಟಳು.

ಮರುದಿನ, ಅರ್ಜಿಯ ಜೊತೆಗೆ ಇನ್ನೂ ಕೊಡಬೇಕಿದ್ದ ಒಂದು ಪತ್ರಕ್ಕೆ ಕಾರ್ಖಾನೆಯ ಮುದ್ರೆ ಹಾಕಿಸಲು ನನ್ನನ್ನೂ ಒಯ್ದಳು. ಮೊದಲ ಸಲ ನಾನು ಆ ತೊಟ್ಟಿಯನ್ನು ಕಂಡೆ. ನನ್ನನ್ನು ಮೇಜಿನ ತುದಿಯಲ್ಲಿಟ್ಟು ಅವಳು ಒಂದು ವಾಲ್ವನ್ನು ಮುಳುಗಿಸಿದಳು. ಏನೂ ಇಲ್ಲ. ಕಾದಳು. ಬಹಳ ಹೊತ್ತಿನ ಮೇಲೆ, ಸಾಸಿವೆಯಷ್ಟು ಒಂದು ಗುಳ್ಳೆ.

ಸೂಪರ್‌ವೈಸರ್ ಹಿಂದಿನಿಂದ ಬಂದ. "ಲಾರಿ ನಿಂತೈತಿ ನೀಲಕ್ಕಾ. ಒಂದ ಗುಳ್ಳಿ, ಬಿಡ್ರಿ ಅತ್ಲಾಗ."

"ಇಲ್ಲಿ ಒಂದ ಗುಳ್ಳಿ ಬಿಟ್ರ, ನಾಳೆ ಯಾರದೋ ಊರಾಗ ಪೈಪ್ ಒಡೀತೈತಿ" ಎಂದವಳೇ ಕುಂಚ ಅದ್ದಿ ಕೆಂಪು ಬಳಿದಳು. ಬಳಿದ ಕೈಯಲ್ಲೇ ನನ್ನನ್ನು ಎತ್ತಿಕೊಂಡಳು. ನನ್ನ ಹಸಿರು ಹೊದಿಕೆಯ ಮೇಲೆ ಅವಳ ಹೆಬ್ಬೆರಳು ಕೆಂಪಗೆ ಮೂಡಿತು. ಸೆರಗಿನಿಂದ ಒರೆಸಿದಳು. ಹೋಗಲಿಲ್ಲ. ಎಣ್ಣೆ ಹಚ್ಚಿ ತಿಕ್ಕಿದಳು. ಹೋಗಲಿಲ್ಲ. ಆ ಗುರುತನ್ನು ನೋಡುತ್ತ ಅವಳು ನಿಂತ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮುದ್ರೆ ಹಾಕಿಸದೆ ಮನೆಗೆ ಬಂದಳು.

ಗುರುಸಿದ್ಧವ್ವ ಕಾಜಾ ಹೊಲಿಯುತ್ತಿದ್ದಳು. ನೀಲಾ ಎಲ್ಲವನ್ನೂ ಹೇಳಿದಳು: ಆ ಫೋನು ಬರಿಯ ಮಾತಲ್ಲ, ಬರೆದಿಟ್ಟುಕೊಂಡಿದ್ದಾರೆ, ನಾಳೆ ಆಪರೇಷನ್ನಿಗೆಂದು ಹೋದಾಗ ಸುಳ್ಳು ಹೇಳಿದಿರಿ ಎಂದು ಕೈ ಬಿಡುತ್ತಾರೆ.

"ಯೋಗಕ್ಷೇಮ ಕೇಳ್ಯಾರ ಅಂತ ನಾ ತಿಳಕೊಂಡೆ" ಅಂದಳು ಗುರುಸಿದ್ಧವ್ವ. ಸೂಜಿ ನಿಂತಿತು. "ನೀ ಅಲ್ಲೇ ನಿಂತಿದ್ದೆಲ್ಲ?"

"ನಿಂತಿದ್ನಿ."

"ಮತ್ಯಾಕ ಸುಮ್ಮನಿದ್ದಿ?"

"ಹೇಳಿದ್ರ ಕೊಡೂದಿಲ್ಲವ್ವಾ. ನಿನ್ನ ಉಳಿಸ್ಕೋಬೇಕಾಗಿತ್ತು."

ತಾಯಿ ಕಾಜಾದ ಬಟ್ಟೆಯನ್ನು ಪಕ್ಕಕ್ಕಿಟ್ಟಳು. ಆಮೇಲೆ ನನ್ನನ್ನು ಮಡಿಲಿಗೆ ಎಳೆದುಕೊಂಡಳು. "ಮಠದಾಗ ಪುರಾಣ ಓದಾಂವ ಒಂದ ಸಾಲು ತಪ್ಪಿದ್ರ ಏನ್ ಮಾಡ್ತಾನ? ಕೂತವರು ತಡೀತಾರ, ಅಂವ ಹೊಳ್ಳಿ ಮೊದಲಿಂದ ಓದ್ತಾನ. ಅದರಾಗೇನು ನಾಚಿಕಿ? ಹಚ್ಚು ಫೋನು."

"ಬ್ಯಾಡ ಅಂದ್ರ?"

"ಅಂದ್ರ ನಿನ್ನಂಗ ಕೆಂಪ ಹಚ್ಚಲಿ. ಸುಳ್ಳು ಹೇಳಿ ಒಳಗ ಹೋಗೂದು ಬ್ಯಾಡ."

ಆದರೆ ದೀಪದ ಮುಂದೆ ಕೇಡಿನ ಮಾತಾಡಲು ಅವಳಿಗೆ ಬಾಯಿ ಬರಲಿಲ್ಲ. ನನ್ನನ್ನು ಹಿಡಿದು ಹಿತ್ತಲಿಗೆ ನಡೆದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ವಿಮಾ ಕಂಪನಿಯ ಆಫೀಸಿಗೆ ಹಚ್ಚಿದ ಫೋನು ಕೈಯಿಂದ ಕೈಗೆ ದಾಟಿ ಕಡೆಗೆ ಅದೇ ಹೆಣ್ಣುದನಿಯ ಡಾಕ್ಟರ ಹತ್ತಿರ ಬಂತು. ಗುರುಸಿದ್ಧವ್ವ ಕಾಗದಗಳನ್ನು ಒಂದೊಂದಾಗಿ ತೆಗೆದು, ನೀಲಾ ಹಿಂದೆ ಬರೆದಿದ್ದನ್ನು ಓದತೊಡಗಿದಳು. ಎದೆಯ ವಾಲ್ವು ಸೋರುತ್ತದೆ. ನಾಲ್ಕು ಮೆಟ್ಟಿಲಿಗೆ ದಮ್ಮು ಬರುತ್ತದೆ. ಬೆಳಿಗ್ಗೆ ಎರಡು ಮಾತ್ರೆ, ರಾತ್ರಿ ಒಂದು. ತನಗೆ ಅರಿವಿಲ್ಲದೆ ಅದನ್ನೂ ಪುರಾಣದ ಧಾಟಿಯಲ್ಲೇ ಓದುತ್ತಿದ್ದಳು. 

ಆ ಕಡೆ ಹಾಳೆ ತಿರುವಿದ ಸದ್ದು. ಆಮೇಲೆ ದನಿ ಕೇಳಿತು: "ಮೊನ್ನೆ ಯಾಕಮ್ಮಾ ಹೇಳಲಿಲ್ಲ?"

"ಮೊನ್ನಿ ನೀವು ಬೀಗರಂಗ ಕೇಳಿದ್ರಿ, ನಾ ಬೀಗರಂಗ ಹೇಳಿದೆ. ಇವತ್ತ ಡಾಕ್ಟರಾಗಿ ಕೇಳ್ರಿ, ತಂಗಿ."

ದನಿ ನಗಲಿಲ್ಲ. "ಎಲ್ಲ ವರದಿ ಕಳಿಸಿ. ಕಾರ್ಖಾನೆಯ ವಿಮೆಯಲ್ಲಿ ಎಷ್ಟು ವರ್ಷ ಇದ್ರಿ ಅನ್ನೋದಕ್ಕೆ ದಾಖಲೆ ಬೇಕು. ಅದು ಸಿಕ್ಕರೆ ಆ ವರ್ಷಗಳನ್ನ ಲೆಕ್ಕಕ್ಕೆ ಹಿಡೀತಾರೆ, ಹಳೆ ಕಾಯಿಲೆಗೆ ದುಡ್ಡು ಸಿಗೋಕೆ ಮತ್ತೆ ವರ್ಷಗಟ್ಟಲೆ ಕಾಯಬೇಕಾಗಲ್ಲ. ಪಾಲಿಸಿ ಸಿಗುತ್ತೆ ಅಂತ ನಾನು ಮಾತು ಕೊಡಲಾರೆ."

ಕಾರ್ಖಾನೆಯಲ್ಲಿ ವಿಚಾರಿಸಿದರೆ ಎರಡೇ ವರ್ಷದ ದಾಖಲೆ ಇತ್ತು. ಹಿಂದಿನದು ಹಳೆಯ ಕಂಪ್ಯೂಟರಿನ ಜೊತೆ ಹೋಗಿತ್ತು. ನೀಲಾ ಸೋತು ನನ್ನ ಮುಂದೆ ಕೂತಳು. ಆಗ ಗುರುಸಿದ್ಧವ್ವ ನನ್ನ ಹಿಂದಿನ ಜೇಬಿಗೆ ಕೈ ಹಾಕಿ ಐದು ಕಾರ್ಡುಗಳನ್ನು ಹೊರತೆಗೆದಳು. ಐದಕ್ಕೂ ಮೂರು ಬೆರಳಿನ ಭಸ್ಮ.

ಝೆರಾಕ್ಸ್ ಅಂಗಡಿಯವನು ಗೊಣಗಿದ: "ಇದೇನ್ರಿ ಅಕ್ಕಾರ, ನನ್ನ ಮಷಿನ್‌ಗೂ ವಿಭೂತಿ ಹಚ್ಚಿದ್ರಿ?"

ಆಮೇಲಿನ ಹದಿನೇಳು ದಿನ ಮನೆಯಲ್ಲಿ ಫೋನು ಸದ್ದಾದರೆ ಮೂವರೂ ಏಳುತ್ತಿದ್ದರು. ಪ್ರಭು ಹಂಚಿನಮನಿ ದಾರಿಯಲ್ಲಿ ಸಿಕ್ಕು, "ಕೈಯಾಗಿನ ತುತ್ತು ಕೆಡವಿಕೊಂಡ್ರಿ ಅಕ್ಕಾರ" ಅಂದನಂತೆ. ನೀಲಾ ಉಣ್ಣುವುದು ಕಡಿಮೆ ಮಾಡಿದಳು. ಗುರುಸಿದ್ಧವ್ವ ಮಾತ್ರ ದಿನದ ಅಧ್ಯಾಯ ಬಿಡಲಿಲ್ಲ. ಆದರೆ ಆ ದಿನಗಳಲ್ಲಿ ಓದುವಾಗ ಸಾಲು ತಪ್ಪುತ್ತಿತ್ತು, ಮತ್ತೆ ಹಿಂದಕ್ಕೆ ಹೋಗುತ್ತಿದ್ದಳು. ನಾನು ಅಡಿಯಲ್ಲಿ ಮಲಗಿ ಅದೇ ಸಾಲನ್ನು ಎರಡೆರಡು ಸಲ ಕೇಳಿದೆ.

ಮಾರ್ಚ್ ಮೂವತ್ತರ ಸಂಜೆ ಸಂದೇಶ ಬಂತು. ಒಪ್ಪಿದ್ದರು. ಕಂತು ಹೆಚ್ಚು, ಆದರೆ ಐದು ವರ್ಷವನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಮಹಾಂತೇಶ ಕತ್ತರಿ ಕೆಳಗಿಡದೆ ಅಂದ: "ಹೆಚ್ಚಾದ್ರ ಆಗಲಿ. ಅತ್ತೀ, ನಾಳಿಯಿಂದ ಗುಂಡಿ ಸ್ವಲ್ಪ ಲಗೂ ಹಚ್ರಿ." ನೀಲಾ ನನ್ನನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ನಾನು ಪ್ಲಾಸ್ಟಿಕ್ಕು, ನೆನೆಯುವುದಿಲ್ಲ. ಆದರೂ ಅಂದು ನೆನೆದೆ.

ಮುಂದಿನ ಶ್ರಾವಣಕ್ಕೆ ಮುಂಚೆ ಆಪರೇಷನ್ ಆಯಿತು. ಅವಳನ್ನು ಒಳಗೆ ಒಯ್ದ ಮೇಲೆ ಐದು ತಾಸು ನಾನು ನೀಲಾಳ ಮಡಿಲಲ್ಲಿದ್ದೆ. ವಿಮೆಯವರು ಕೇಳಿದ ಕಾಗದ ಪ್ರತಿಯೊಂದೂ ನನ್ನಿಂದ ಹೊರಟಿತು; ಯಾವುದನ್ನೂ ಅವರು ತಳ್ಳಿಹಾಕಲಿಲ್ಲ.

ಈಗ ನನಗೆ ವಯಸ್ಸಾಗಿದೆ. ರಬ್ಬರ್ ಜೋತುಬಿದ್ದು, ಮಹಾಂತೇಶ ಜಂಪರ್ ಬಟ್ಟೆಯ ಅಂಚು ಕತ್ತರಿಸಿ ನನ್ನ ಬಾಯಿ ಕಟ್ಟಿದ್ದಾನೆ. ಮೂಲೆ ಸೀಳಿದೆ. ಹೊಸ ವರದಿಗಳೆಲ್ಲ ಫೋನಿನಲ್ಲೇ ಇರುತ್ತವೆ; ನನ್ನೊಳಗೆ ಹೊಸದೇನೂ ಬರುವುದಿಲ್ಲ. ಕೆಂಪು ಹೆಬ್ಬೆರಳು ಹಾಗೇ ಇದೆ. ಎಸೆಯಬಹುದಿತ್ತು. ದೀಪದ ಮುಂದೆ ಇದ್ದದ್ದನ್ನು ಒಗೆಯಬಾರದಲ್ಲ.

ಬೆಳಗಿನ ಜಾವ ಗುರುಸಿದ್ಧವ್ವ ಪುಸ್ತಕ ಬಿಚ್ಚುತ್ತಾಳೆ. ಅವಳ ಎದೆಯೊಳಗಿನ ಲೋಹದ ವಾಲ್ವು ಟಿಕ್, ಟಿಕ್ ಎನ್ನುವುದು ಆ ಮೌನದಲ್ಲಿ ನನಗೆ ಸ್ಪಷ್ಟವಾಗಿ ಕೇಳುತ್ತದೆ, ಓದಿಗೆ ಯಾರೋ ತಾಳ ಹಾಕಿದಂತೆ. ಬಾಗಿಲಲ್ಲಿ ಯಾರಾದರೂ "ಆರಾಮ ಅದೀರೇನವ್ವಾ?" ಎಂದು ಕೇಳಿದರೆ ಈಗಲೂ, "ಶಿವನ ದಯಾ, ಆರಾಮ ಅದೀನಿ" ಅನ್ನುತ್ತಾಳೆ. ಅದೇ ಮಾತು, ಅದೇ ಬಾಯಿ. ಅದನ್ನು ಕೇಳಿದಾಗ ನಾನೀಗ ಹೊಟ್ಟೆಯಲ್ಲಿ ಏನನ್ನೂ ಮುಚ್ಚಿಟ್ಟುಕೊಳ್ಳಬೇಕಾಗಿಲ್ಲ.