ಫೋಟೋ ಒಂದು ಆಗಲಿ

ನಮ್ಮ ಬೀದಿಯಲ್ಲಿ ಬಾಣಂತಿಯರನ್ನು ನೋಡಿಕೊಳ್ಳಲು ಹೆಂಗಸರದೊಂದು ಸಂಘವಿದೆ. ವಾರಕ್ಕೊಮ್ಮೆ ಹಿಂಡು ಕಟ್ಟಿಕೊಂಡು ಬರುತ್ತಾರೆ, ಮಗುವನ್ನು ತಕ್ಕಡಿಯ ಜೋಳಿಗೆಗೆ ಹಾಕಿ ತೂಗುತ್ತಾರೆ, ತಾಯಿ ಮಗುವನ್ನೆತ್ತಿಕೊಂಡ ಫೋಟೋ ತೆಗೆದುಕೊಂಡು ಹೋಗುತ್ತಾರೆ. ತಾಯಿ ನಿಂತೇ ಇರಬೇಕು. ಮಲಗಿದವಳ ಫೋಟೋ ಸಂಘದ ಕಚೇರಿಯ ಗೋಡೆಗೆ ಹಾಕಿದರೆ ಸಂಘದ ಮಾನ ಹೋಗುತ್ತದಂತೆ.

ಆ ದಿನ ಬಾಣಂತಿ ತಂಗಿಯನ್ನು ನೋಡಲು ಅವಳ ಮನೆಗೆ ಹೋದೆ. ಹಣೆ ಮುಟ್ಟಿದರೆ ಕೆಂಡ. ಹೊದಿಕೆ ಸರಿಸಿದರೆ ಹಾಸಿಗೆಯೆಲ್ಲ ರಕ್ತ.

"ಯಾವಾಗಿಂದ ಹೀಗೆ?"

"ಮೊನ್ನೆಯಿಂದ ಅಕ್ಕ. ಬಾಣಂತಿ ಅಂದ್ಮೇಲೆ ಇದೆಲ್ಲ ಇದ್ದದ್ದೇ ಅಂತಾರೆ ಅತ್ತೆ."

ಓಡಿಹೋಗಿ ಆಟೋ ತಂದೆ. ಅಷ್ಟರಲ್ಲಿ ಸಂಘ ಬಂದು ನಡುಮನೆ ತುಂಬ ಕೂತಿತ್ತು. ಮಗುವಿನ ತೂಕ ಆಗಲೇ ಮುಗಿದಿತ್ತು.

"ದಾರಿ ಬಿಡಿ, ಇವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು," ಅಂದೆ.

ಸಂಘದ ಅಧ್ಯಕ್ಷೆ ರಿಟೈರಾದ ಹೆಡ್‌ಮೇಡಂ. ನನ್ನನ್ನು ಒಂದನೇ ಕ್ಲಾಸಿನ ಹುಡುಗಿಯ ಹಾಗೆ ನೋಡಿದರು. "ಅಂಥಾ ಕೊಳ್ಳೆ ಹೋಗೋದೇನಿದೆ? ಮಗು ತೂಕ ಎಷ್ಟು ಚೆನ್ನಾಗಿ ಬಂದಿದೆ ಗೊತ್ತಾ! ಫೋಟೋ ಒಂದು ಆಗ್ಲಿ."

"ಅವಳಿಗೆ ನಿಲ್ಲೋಕೇ ಆಗಲ್ಲ!"

"ನಾವೆಲ್ಲ ಹೆತ್ತಿಲ್ವಾ?" ಅವಳ ಅತ್ತೆ ಸಿಡುಕಿದರು. "ನಾಲ್ಕು ಜನರ ಮುಂದೆ ಮರ್ಯಾದೆ ತೆಗೀಬೇಡ. ಏಳೇ, ಸೀರೆ ಸರಿ ಮಾಡ್ಕೊ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ತಂಗಿ ಎದ್ದಳು. ಹಾಳಾದವಳು, ಯಾರು ಏಳು ಅಂದರೂ ಎದ್ದೇ ಅವಳಿಗೆ ಅಭ್ಯಾಸ. ಹಿಡಿದುಕೊಳ್ಳಲು ಹೋದರೆ ಅಧ್ಯಕ್ಷೆ ನನ್ನ ರಟ್ಟೆ ಹಿಡಿದು ಪಕ್ಕಕ್ಕೆಳೆದರು. "ಫೋಟೋದಲ್ಲಿ ತಾಯಿ ಮಗು ಇಬ್ಬರೇ ಇರ್ಬೇಕು."

ಮಗುವನ್ನು ಅವಳ ಕೈಗಿಟ್ಟರು. ಅವಳ ಹಲ್ಲು ಕಟಕಟ ಅನ್ನುತ್ತಿತ್ತು.

"ಅಲ್ಲಾಡ್ಬೇಡಮ್ಮ. ಸ್ವಲ್ಪ ನಗು."

ಅವಳು ನಕ್ಕಳು ಕೂಡ. ನಗುತ್ತಲೇ ಕುಸಿದಳು.

ಸಂಘವೆಂದರೆ ಅದು! ಇಡೀ ನಡುಮನೆ ಒಟ್ಟಿಗೆ ಎದ್ದು ಕೈ ಚಾಚಿತು. ಮಗುವಿಗೆ ನೆಲ ತಾಕಲಿಲ್ಲ. ತಂಗಿಯತ್ತ ಒಂದು ಕೈಯೂ ಬರಲಿಲ್ಲ, ನನ್ನ ಕೈ ಅಧ್ಯಕ್ಷೆಯ ಹಿಡಿತದಲ್ಲಿತ್ತು. ಅವಳ ತಲೆ ಹೊಸಿಲಿಗೆ ಬಡಿಯಿತು.

"ಸದ್ಯ, ಮಗುಗೇನೂ ಆಗ್ಲಿಲ್ಲ!" ಅಂದರು ಅಧ್ಯಕ್ಷೆ. ಎಲ್ಲರೂ ಸಮಾಧಾನದ ಉಸಿರು ಬಿಟ್ಟರು. ನಾನು ನೆಲದ ಮೇಲೆ ಕೂತು ತಂಗಿಯ ಮೂಗಿನ ಹತ್ತಿರ ಬೆರಳಿಟ್ಟೆ. ಉಸಿರಿರಲಿಲ್ಲ.