ಏಣಿ ತೆಗೆದ ಮೇಲೆ

“ಲೇ ಕತ್ತೆ, ಏಣಿ ತೆಗೆಸ್ತಿದೀನಿ! ಮಳೆ ಬಂದು, ಒಂದು ಹನಿನೂ ಒಳಗೆ ಬೀಳಲ್ಲ ಅಂತ ಗೊತ್ತಾಗೋ ತನಕ ಅಲ್ಲೇ ಬಿದ್ದಿರು, ಬೇವರ್ಸಿ!”

ಧಣಿ ಅಂಗಳದಲ್ಲಿ ನಿಂತು ಬೈಯುತ್ತಿದ್ದಂತೆ ಕಾವಲುಗಾರ ಏಣಿ ಹೊತ್ತು ನಡೆದ. ನಾನು ಹೆಂಚಿನ ಮೇಲೆ ರಾಜನ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತೆ. ನನಗೇನು ಭಯ? ನಾನು ಕೈಯಿಟ್ಟ ಸೂರು ಸೋರಿದ್ದು ಭೂಮಿ ಹುಟ್ಟಿದಾಗಿನಿಂದ ಇಲ್ಲ. ಊರೇ ನನ್ನನ್ನು ಹೆಂಚಿನ ಡಾಕ್ಟ್ರು ಅನ್ನುತ್ತದೆ. ಮೂರು ಬೀದಿ ಆಚೆ ಕೂತು ಹೇಳಬಲ್ಲೆ, ಯಾವ ಮನೆಯಲ್ಲಿ ನೀರು ಎಲ್ಲಿ ನುಗ್ಗಿ ಯಾರ ಮೂಗಿನ ಮೇಲೆ ಬೀಳುತ್ತದೆ ಅಂತ.

ನನಗಿಂತ ಮೊದಲು ಬಂದ ನೂರು ಜನ, ಹೋಗಲಿ ನಾಲ್ಕು ಜನ, ಧಣಿಯ ದಿಂಬಿನ ನೇರಕ್ಕಿದ್ದ ಹೆಂಚನ್ನೇ ಬದಲಿಸಿ ಬದಲಿಸಿ ಹೋಗಿದ್ದರು. ದಡ್ಡ ಮುಂಡೇವು. ನೀರೇನು ನೆಟ್ಟಗೆ ಬೀಳುತ್ತದೆಯೇ? ಸೂರಿನ ನೆತ್ತಿಯ ಬಿರುಕಿನಲ್ಲಿ ಕಳ್ಳನ ಹಾಗೆ ನುಸುಳಿ, ಹೆಂಚು ಹೊರುವ ಪಕಾಸಿ ಮರದ ಹೊಟ್ಟೆಗೆ ಅಂಟಿಕೊಂಡು ಹನ್ನೊಂದು ಅಡಿ ತೆವಳಿ, ಒಂದು ಮೊಳೆ ಸಿಕ್ಕಲ್ಲಿ ಕೈಬಿಟ್ಟು ದಿಂಬಿಗೆ ಹಾರುತ್ತಿತ್ತು. ಕಾಲು ಕೊಳಕು ಅಂತ ನನ್ನನ್ನು ಒಳಗೆ ಬಿಟ್ಟಿರಲಿಲ್ಲ. ಹೊರಗಿನಿಂದಲೇ ಹಿಡಿದು ನೆತ್ತಿಯ ಬಿರುಕು ಮುಚ್ಚಿದೆ. ಅವರು ಸಡಿಲ ಬಿಟ್ಟಿದ್ದ ದಿಂಬಿನ ನೇರದ ಹೆಂಚನ್ನೂ ಬಿಗಿಯಾಗಿ ಕೂರಿಸಿದೆ.

ಬೆಳಿಗ್ಗೆ ಹತ್ತುವ ಮುಂಚೆ ಕೇಳಿದ್ದೆ. “ಧಣಿ, ಇದು ಸೋರದಿದ್ರೆ ನಮ್ಮ ಕೋಣೆ ಸೂರು ಸರಿ ಮಾಡ್ಕೊಳ್ಳೋಕೆ ಬಿಡ್ತೀರಾ? ಅವ್ವನ ಮೇಲೇ ಬೀಳ್ತದೆ.”

“ನನ್ನ ಕೋಣೆ ಕಣಲೇ ಅದು! ಬಾಡಿಗೆಗೆ ಇರೋನು ಇವತ್ತು ಹೆಂಚು ಮುಟ್ತೀಯ, ನಾಳೆ ಗೋಡೆ ನಂದು ಅಂತೀಯ.” ಆಮೇಲೆ ಏನು ಹೊಳೆಯಿತೋ, “ಹೂಂ, ಇದು ಸೋರದೇ ಇದ್ರೆ ಮುಟ್ಕೋ ಹೋಗು” ಅಂದಿದ್ದ.

ಅವ್ವನ ಸೊಂಟ ಮುರಿದು ಎರಡು ವರ್ಷ. ಮಗ್ಗುಲು ಬದಲಿಸಲಾರಳು. ಮೋಡ ಕಟ್ಟಿದರೆ ನಾನೇ ಮಂಚವನ್ನು ಬಾಗಿಲಿಗೆ ಎಳೆಯಬೇಕು. ಒಣ ಜಾಗ ಅಂತ ಇರುವುದು ಅದೊಂದೇ. ಬೆಳಿಗ್ಗೆ ಬಿಸಿಲಿತ್ತು, ಎಳೆದಿರಲಿಲ್ಲ.

ಮಧ್ಯಾಹ್ನ ಮಳೆ ಬಂತು. ಒಂದೊಂದು ಹನಿ ಒಂದೊಂದು ಕೊಡ. ಕಿಟಕಿಯಿಂದ ಧಣಿಯ ತಲೆ ಹೊರಬಂತು.

“ಒಂದು ತೊಟ್ಟೂ ಇಲ್ಲ ಕಣಲೇ! ಪರವಾಗಿಲ್ಲ ಡಾಕ್ಟ್ರೇ!”

“ಏಣಿ, ಧಣಿ! ಅವ್ವ ಒಬ್ಳೇ ಇದಾಳೆ, ಮಂಚ ಎಳೀಬೇಕು!”

“ಮಳೆ ನಿಲ್ಲಲಿ ಇರೋ. ನಿನಗೆ ಏಣಿ ಇಡೋಕೆ ಯಾರು ನೆನೀತಾರೆ?”

ಕಿಟಕಿ ಮುಚ್ಚಿತು. ಇನ್ನೂ ಹತ್ತು ಸಲ ಕೂಗಿದೆ. ಉತ್ತರವಾಗಿ ಗೊರಕೆ ಬಂತು. ಹಾರೋಣವೆಂದರೆ ಕೆಳಗೆ ಈಟಿಯಂಥ ಕಬ್ಬಿಣದ ಬೇಲಿ.

ನಮ್ಮ ಕೋಣೆ ಅಲ್ಲಿಂದ ಸರಿಯಾಗಿ ಮೂರು ಬೀದಿ. ಕಾಣುತ್ತಿತ್ತು. ಒಡೆದ ಎರಡನೇ ಸಾಲಿನ ಹೆಂಚಿನಲ್ಲಿ ನೀರು ಈಗ ನುಗ್ಗಿದೆ. ಮೊದಲು ಅವ್ವನ ಪಾದ. ಪಕಾಸಿ ನೆಂದಂತೆ ಹನಿ ಮುಂದಕ್ಕೆ ಸರಿದು ಹೊಟ್ಟೆ, ಎದೆ. ಆಮೇಲೆ ಬಾಯಿ. ಬಾಯಿ ಮುಚ್ಚಿಕೊಳ್ಳಬೇಕು ಅವಳು. ಮುಚ್ಚುವುದಿಲ್ಲ, ನನ್ನನ್ನು ಕರೆಯುತ್ತಿರುತ್ತಾಳೆ.

ಧಣಿಯ ದಿಂಬಿನ ನೇರಕ್ಕೆ ತೆವಳಿದೆ. ನಾನೇ ಕೂರಿಸಿದ್ದ ಹೆಂಚು, ಉಗುರು ತೂರದಷ್ಟು ಬಿಗಿ. ಎರಡೂ ಕೈ ಹಾಕಿ ಕಿತ್ತೆ.

“ಅಯ್ಯೋ! ಸೋರ್ತಿದೆ ಕಣೋ! ಏಣಿ ತಗೊಂಬಾರೋ, ಇಳಿಸ್ರೋ ಆ ಸೂಳೆಮಗನ್ನ!”

ಏಣಿ ಓಡಿಬಂತು. ಹದಿನಾಲ್ಕು ಮೆಟ್ಟಿಲು. ಅದರ ಬುಡದಲ್ಲಿ ಧಣಿ ದೊಣ್ಣೆ ಹಿಡಿದು ನೆನೆಯುತ್ತಾ ನಿಂತಿದ್ದ.

“ನಿನ್ನ ಸೂರು ಮುಟ್ಟು ನೋಡೋಣ! ಮುಟ್ಟಲೇ!”

ಕಿತ್ತ ಹೆಂಚನ್ನು ಕಂಕುಳಲ್ಲಿ ಇರುಕಿಕೊಂಡು ಇಳಿಯತೊಡಗಿದೆ. ಮೂರು ಬೀದಿ ಆಚೆ ನಮ್ಮ ಬಾಗಿಲ ಸಂದಿಯಿಂದ ನೀರು ಹೊರಗೆ ಹರಿಯುತ್ತಿತ್ತು.