ಅಂಗಳದಲ್ಲಿ ನೆಟ್ಟ ಹೆಸರು

ನನ್ನ ಮಗಳು ಕೊರಿನ್‌ಗೆ ನೌಕಾಪಡೆಯ ಅಕಾಡೆಮಿ ಸೇರುವ ಹುಚ್ಚು ಹಿಡಿದದ್ದು ಹನ್ನೊಂದನೇ ವಯಸ್ಸಿಗೆ. ನೆಬ್ರಾಸ್ಕಾದ ಜೋಳದ ಹೊಲಗಳ ನಡುವೆ ಬೆಳೆದ, ಸಮುದ್ರವನ್ನೇ ಕಾಣದ ಹುಡುಗಿ! ಅಲ್ಲಿಗೆ ಸೇರಲು ಅಂಕ, ಓಟ, ಈಜು ಇದ್ದರೆ ಸಾಲದು. ನಮ್ಮ ಕ್ಷೇತ್ರದ ಸಂಸದರೋ ರಾಜ್ಯದ ಇಬ್ಬರು ಸೆನೆಟರುಗಳಲ್ಲಿ ಒಬ್ಬರೋ ಹೆಸರು ಸೂಚಿಸಬೇಕು. ಹೈಸ್ಕೂಲಿನ ಕೊನೆಯ ವರ್ಷ ಕೊರಿನ್ ಮೂವರಿಗೂ ಅರ್ಜಿ ಹಾಕಿದ್ದಳು. ಒಬ್ಬ ಸೆನೆಟರರ ಕಚೇರಿ ಮೊದಲೇ ಇಲ್ಲವೆಂದಿತು, ಇನ್ನೊಬ್ಬರು ಸಂದರ್ಶನಕ್ಕೆ ಕರೆದಿದ್ದರು.

ಅಷ್ಟರಲ್ಲಿ ಸಂಸದರ ಪತ್ರ ಬಂತು: ನಿಮ್ಮ ಹೆಸರು ಸೂಚಿಸಿದ್ದೇನೆ. ನಾನು ಅದನ್ನು ಫ್ರಿಜ್ಜಿಗೆ ಅಂಟಿಸಿದೆ. ನಮ್ಮೂರಿನ ಹೋಟೆಲ್ ನಡೆಸುವ ಮಾರ್ಲಾ ಅದರ ಹೊರಗಿನ ಬೋರ್ಡಿನ ಮೇಲೆ ‘ನಮ್ಮ ಕೊರಿನ್ ನೌಕಾಪಡೆಗೆ’ ಎಂದು ಬರೆಸಿದಳು. ಊರೆಲ್ಲ ನನ್ನ ಬೆನ್ನು ತಟ್ಟಿತು. ನನ್ನ ಕಾಲು ನೆಲದ ಮೇಲಿರಲಿಲ್ಲ.

"ಶನಿವಾರ ಸೆನೆಟರ್ ಸಂದರ್ಶನ ಇದೆ, ಅಪ್ಪಾ. ಲಿಂಕನ್‌ಗೆ ಕಾರಲ್ಲಿ ಬಿಡ್ತೀಯಾ?"

"ಇನ್ಯಾಕೆ? ಹೆಸರು ಬಂದಾಯ್ತಲ್ಲ! ಆ ಎದುರು ಪಕ್ಷದವನ ಮುಂದೆ ಕೈಕಟ್ಟಿ ನಿಲ್ತೀಯಾ? ಇಪ್ಪತ್ತು ವರ್ಷದಿಂದ ಚುನಾವಣೆ ಬಂದಾಗೆಲ್ಲ ನಮ್ಮ ಅಂಗಳದಲ್ಲಿ ಸಂಸದರ ಹೆಸರಿನ ಪ್ರಚಾರದ ಫಲಕ ನಿಲ್ಲೋದು ಗೊತ್ತಿಲ್ವಾ?"

"ಇದು ಓಟಿನ ವಿಷಯ ಅಲ್ಲಪ್ಪಾ. ಸಂಸದರು ಒಂದು ಸೀಟಿಗೆ ಹತ್ತು ಹೆಸರು ಕಳಿಸ್ತಾರೆ. ಹತ್ತರಲ್ಲಿ ನಾನೂ ಒಬ್ಳು, ಅಷ್ಟೇ."

"ಸಾಕು ಸುಮ್ನಿರು! ನಂಬಿ ಹೆಸರು ಕೊಟ್ಟೋರ ಮುಖಕ್ಕೆ ಮಸಿ ಬಳೀತೀಯಾ? ಫೋನ್ ಮಾಡಿ ಬರಲ್ಲ ಅನ್ನು."

ಅವಳು ಅತ್ತಳು, ವಾದಿಸಿದಳು. ನಾನು ಮೇಜು ಗುದ್ದಿದೆ. ಕೊನೆಗೆ ನನ್ನೆದುರೇ ಸೆನೆಟರರ ಕಚೇರಿಗೆ ಫೋನ್ ಮಾಡಿ, "ಕ್ಷಮಿಸಿ ಮೇಡಂ, ಬರೋಕಾಗಲ್ಲ" ಎಂದಳು.

ಏಪ್ರಿಲಿನಲ್ಲಿ ಅಕಾಡೆಮಿಯ ಕಾಗದ ಬಂತು. ನೀವು ಅರ್ಹರು, ಆದರೆ ನಿಮಗೆ ಕೊಡಲು ಸ್ಥಾನವಿಲ್ಲ. ನನಗೆ ರಕ್ತ ಕುದಿಯಿತು. ಸಂಸದರ ಕಚೇರಿಗೆ ಫೋನ್ ಹಚ್ಚಿ ಕೂಗಾಡಿದೆ. ಆ ಕಡೆಯ ಹೆಂಗಸು ತಾಳ್ಮೆಯಿಂದ ಕೇಳಿಸಿಕೊಂಡಳು.

"ನಾವು ಕಳಿಸಿದ ಹತ್ತು ಜನದಲ್ಲಿ ಒಬ್ರಿಗೆ ಸಿಕ್ತು, ಸರ್. ಸೆನೆಟರ್ ಕಡೆಯಿಂದ ನೋಡ್ಲಿಲ್ವಾ? ಮೂರೂ ಕಡೆ ಪ್ರಯತ್ನ ಮಾಡಿ ಅಂತ ನಾವೇ ಎಲ್ಲರಿಗೂ ಹೇಳ್ತೀವಲ್ಲ."

"ಅವ್ರು ಬೇರೆ ಪಕ್ಷ ಅಲ್ವೇನಮ್ಮಾ?"

"ಅಯ್ಯೋ, ಇದರಲ್ಲಿ ಪಕ್ಷ ಯಾರು ನೋಡ್ತಾರೆ ಸರ್?"

ಆ ಸೆನೆಟರರು ಹೆಸರು ಸೂಚಿಸಿ ಅಕಾಡೆಮಿಗೆ ಆಯ್ಕೆಯಾದವನು ಪಕ್ಕದ ಬೀದಿಯ ಗ್ಯಾರೆಟ್. ಅವನಿಗೆ ಗಣಿತ ಹೇಳಿಕೊಟ್ಟವಳೇ ಕೊರಿನ್. ಮಾರ್ಲಾ ಬೋರ್ಡನ್ನು ಒರೆಸಿ ಅವನ ಹೆಸರು ಬರೆಸಿದಳು. ನಾನು ಅಲ್ಲಿಗೆ ಕಾಫಿಗೆ ಹೋಗುವುದನ್ನೇ ಬಿಟ್ಟೆ. ಮೂರ್ಖ ನಾನು, ಶುದ್ಧ ಮೂರ್ಖ.

"ಮುಂದಿನ ವರ್ಷ ಮತ್ತೆ ಹಾಕೋಣ ಮಗಳೇ," ಎಂದೆ.

"ಹಾಕ್ತೀನಿ. ನಿನ್ನ ಕೇಳಲ್ಲ."

ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೇ ತಿಂಗಳ ಚುನಾವಣೆ ಹತ್ತಿರ ಬಂದಿತ್ತು. ಸಂಸದರ ಕಡೆಯವರು ಎಂದಿನಂತೆ ಫಲಕವನ್ನು ಬಾಗಿಲ ಬಳಿ ಒರಗಿಸಿಟ್ಟು ಹೋದರು. ಅದನ್ನು ಮುಟ್ಟಲೂ ಆಗದೆ, ಎಸೆಯಲೂ ಆಗದೆ ಎರಡು ದಿನ ಕಳೆದೆ. ಮೂರನೇ ದಿನ ಸುತ್ತಿಗೆಯ ಸದ್ದು ಕೇಳಿ ಹೊರಗೆ ಬಂದೆ. ಕೊರಿನ್ ನನ್ನ ಕೋಣೆಯ ಕಿಟಕಿಯ ಎದುರಿಗೇ ಅದನ್ನು ನೆಡುತ್ತಿದ್ದಳು.

"ಬೇಡ ಬಿಡು, ಕೊರಿನ್."

"ಇರ್ಲಿ ಅಪ್ಪಾ," ಎಂದು ಅವಳು ಇನ್ನೊಂದು ಪೆಟ್ಟು ಹಾಕಿದಳು. "ನನ್ನ ಬಿಟ್ಟು ಇದನ್ನೇ ತಾನೇ ನೀನು ಆರಿಸ್ಕೊಂಡಿದ್ದು?"